ಚಕ್ಕುಬಂದಿ ಹಾಕಿದ ಭವಿಷ್ಯ

ಹೋದ ಡಿಸೆಂಬರ್ ಇಪ್ಪತ್ತೈದು, ಬೆಳಿಗ್ಗೆ ಒಂಬತ್ತು ಗಂಟೆ ಇಪ್ಪತ್ತು ನಿಮಿಷ. ನಾನು ನಿಂತಿದ್ದದ್ದು ಹಗರಿಬೊಮ್ಮನಹಳ್ಳಿಯ ಒಂದು ಸಣ್ಣ ಚರ್ಚಿನ ಬಾಗಿಲ ಒಳಗೆ, ಎಡಗಡೆ, ಚಪ್ಪಲಿ ಬಿಡುವ ಜಾಗದಿಂದ ನಾಲ್ಕು ಹೆಜ್ಜೆ ದೂರದಲ್ಲಿ. ನಡುವೆ ಒಂದು ಕಂಬ ಇತ್ತು, ಆದರೆ ಅದು ನನ್ನ ನೋಟಕ್ಕೆ ಅಡ್ಡ ಇರಲಿಲ್ಲ. ಇಷ್ಟು ಕರಾರುವಾಕ್ಕಾಗಿ ಯಾಕೆ ಹೇಳುತ್ತಿದ್ದೇನೆ ಅನ್ನುತ್ತೀರಾ? ಇದನ್ನು ನನ್ನ ಸೋದರಮಾವ ಓದುತ್ತಾರೆ. ನನ್ನ ಮಾವ ಎಂಥವರೆಂದರೆ, ನಾಳೆ ದೇವರೇ ಬಂದು ಎದುರಿಗೆ ನಿಂತರೂ, "ಕುಂದರ್ರಿ ಸ್ವಾಮಿ, ನೀವು ನೀವೇ ಅನ್ನಾಕ ಇಬ್ಬರು ಸಾಕ್ಷಿ ಕರಕೊಂಡು ಬಂದೀರೇನು?" ಎಂದು ಕೇಳುವ ಮನುಷ್ಯ!

ಮಾವ ನಲವತ್ತು ವರ್ಷ ನೋಂದಣಿ ಕಚೇರಿಯ ಮುಂದಿನ ಬೇವಿನ ಮರದ ಕೆಳಗೆ ಬಾಂಡ್ ರೈಟರ್ ಆಗಿದ್ದವರು. ಈ ಸುತ್ತಿನ ಹೊಲ, ಮನೆ, ಹಿತ್ತಲುಗಳ ಕ್ರಯಪತ್ರಗಳಲ್ಲಿ ಎಷ್ಟೋ ಅವರ ಕೈಬರಹದಲ್ಲೇ ಇವೆ. ಕೆಲಸ ಬಿಟ್ಟರು, ಚಟ ಬಿಡಲಿಲ್ಲ. ಯಾರಾದರೂ ನಾಳೆಯ ಬಗ್ಗೆ ಏನಾದರೂ ಹೇಳಿದರೆ ಸಾಕು, ಜೇಬಿನಿಂದ ನೋಟ್‌ಬುಕ್ ತೆಗೆದು ಬರೆದುಕೊಳ್ಳುತ್ತಾರೆ. ಒಮ್ಮೆ ಕೊಟ್ಟೂರಿಗೆ ಹೋಗುವ ಬಸ್ಸಿನ ಕಂಡಕ್ಟರ್ "ಹತ್ತು ನಿಮಿಷದಾಗ ಬಿಡ್ತೀವ್ರಿ" ಅಂದ. ಮಾವ ಅದನ್ನು ಬರೆದು, ಗಂಟೆ ಹಾಕಿ, ಪಕ್ಕದ ಸೀಟಿನ ಇಬ್ಬರಿಂದ ಸಹಿ ಮಾಡಿಸಿ, ಕಂಡಕ್ಟರ್ ಮುಂದೆಯೂ ಹಿಡಿದರು. ಗಾಬರಿಯಾದ ಅವನು ಎರಡೇ ನಿಮಿಷಕ್ಕೆ ಬಸ್ಸು ಬಿಡಿಸಿದ! "ಭವಿಷ್ಯ ಸುಳ್ಳಾತು" ಎಂದು ಮಾವ ಶರಾ ಬರೆದರು.

ಆ ನೋಟ್‌ಬುಕ್ಕಿನಲ್ಲಿ ಟಿ.ವಿ. ಜ್ಯೋತಿಷಿಗಳಿದ್ದಾರೆ, ಯುಗಾದಿ ಪಂಚಾಂಗವಿದೆ, ಚುನಾವಣೆಯ ಪಂಡಿತರಿದ್ದಾರೆ. ನಮ್ಮ ಮನೆದೇವರು ಮೈಲಾರಲಿಂಗನ ಜಾತ್ರೆಯಲ್ಲಿ ವರ್ಷದ ಭವಿಷ್ಯವೆಂದು ನುಡಿಯುವ ಕಾರಣಿಕವೂ ಇದೆ. ಒಂದು ವರ್ಷ ಕಾರಣಿಕದ ಮಾತನ್ನು ಬರೆದುಕೊಂಡು ಬಂದು, ಊರಿನ ಹತ್ತು ಜನರನ್ನು ಅರ್ಥ ಕೇಳಿದರು. ಒಬ್ಬ ಮಳೆ ಅಂದ, ಒಬ್ಬ ಸರ್ಕಾರ ಅಂದ, ಒಬ್ಬ ಮೆಣಸಿನಕಾಯಿ ರೇಟು ಅಂದ. ವರ್ಷದ ಕೊನೆಗೆ ಮತ್ತೆ ಹೋಗಿ ಕೇಳಿದರೆ ಹತ್ತೂ ಜನ "ಹೇಳಿದ್ದು ಹಂಗ ಆತು ನೋಡ್ರಿ" ಅಂದರು. ಅಂದೇ ಮಾವ ಎರಡನೆಯ ಷರತ್ತು ಮಾಡಿದ್ದು: ಭವಿಷ್ಯಕ್ಕೆ ಒಂದೇ ಅರ್ಥ ಇರಬೇಕು, ಅದನ್ನೂ ಮೊದಲೇ ಹೇಳಬೇಕು. (ಮೊದಲನೆಯದು ನಿಮಗೆ ಗೊತ್ತೇ ಆಗಿದೆ: ಘಟನೆಗೆ ಮುಂಚೆ ಬರೆದಿರಬೇಕು, ತಾರೀಖು ಇರಬೇಕು.) ನಮ್ಮ ಮನೆಯ ದೇವರಿಗೇ ಈ ಮಾತು ಹೇಳಿದ ಮನುಷ್ಯ ಮಂದಿಯ ದೇವರನ್ನು ಬಿಟ್ಟಾರೆಯೇ? ಆ ನೋಟ್‌ಬುಕ್ಕಿನ ಪ್ರಕಾರ ಇಡೀ ತಾಲ್ಲೂಕಿನಲ್ಲಿ ನಂಬಿಕೆಗೆ ಅರ್ಹವಾದದ್ದು ಒಂದೇ: ಅತ್ತೆಯ ಎಡ ಮೊಣಕಾಲು. ಅದು ನೋಯುತ್ತದೆ ಅಂದ ಮರುದಿನ ಮಳೆ!

ಮಾವನಿಗೆ ಸರಿಸಮನಾದ ಎದುರಾಳಿ ಎಂದರೆ ಹಿಂದಿನ ಓಣಿಯ ರೂತಮ್ಮ ಸಿಸ್ಟರ್. ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು ನಿವೃತ್ತರಾದವರು. ನನ್ನನ್ನೂ ಭೂಮಿಗೆ ಇಳಿಸಿಕೊಂಡ ಕೈ ಅವರದೇ. ದಿನಾ ಸಂಜೆ ಐದಕ್ಕೆ ಅವರ ಪಡಸಾಲೆಯಲ್ಲಿ ಶುಂಠಿ ಚಹಾ, ಮತ್ತು ಒಂದೇ ವಾದ: ಬೈಬಲ್ಲಿನ ಪ್ರವಾದನೆಗಳು ನಿಜವಾದವು ಎಂಬುದರಿಂದ ಬೈಬಲ್ ನಿಜ ಎಂದು ಸಾಬೀತಾಗುತ್ತದೆಯೋ ಇಲ್ಲವೋ? ಹನ್ನೊಂದು ವರ್ಷದಿಂದ! ಅವರನ್ನು ಸೋಲಿಸಲೆಂದೇ ಮಾವ ಆ ದೊಡ್ಡ ಪುಸ್ತಕವನ್ನು ಮೂರು ಸಲ, ಹಣೆಯ ಮೇಲಿನ ವಿಭೂತಿ ಅಳಿಸದ ಹಾಗೆ, ಪೆನ್ಸಿಲ್ ಹಿಡಿದು ಓದಿದ್ದರು.

"ಅಣ್ಣಾರ, ಅರಸ ಬೇತ್ಲೆಹೇಮಿನ್ಯಾಗ ಹುಟ್ಟತಾನ ಅಂತ ನೂರಾರು ವರ್ಷ ಮೊದ್ಲ ಬರದಾರ. ಅಲ್ಲೇ ಹುಟ್ಟಿದ," ಎನ್ನುವರು ಸಿಸ್ಟರ್. "ಹುಟ್ಟೋ ಊರು ಯಾವ ಕೂಸು ಆರಿಸಿಕೊಳ್ತೈತ್ರಿ? ಈ ಊರಿನ ಅರ್ಧ ಮಂದೀನ ನಾನ ಹಿಡಕೊಂಡೀನಿ. ಒಂದರ 'ಸಿಸ್ಟರ್, ನಾನು ಇಲ್ಲಿ ಬ್ಯಾಡ, ಹಡಗಲಿಯಾಗ ಹುಟ್ಟತೀನಿ' ಅಂದಿಲ್ಲ!"

ಮಾವ ಬಟ್ಟಲು ಕೆಳಗಿಟ್ಟರು. "ಹುಟ್ಟಿದ್ದು ಅಲ್ಲೇ ಅಂತ ಬರದವರು ಯಾರ್ರಿ? ಹಳೇ ಪುಸ್ತಕ ಓದಿದವರು. ಮೊದಲನೇ ಪತ್ರ ಮುಂದ ಇಟ್ಕೊಂಡು ಎರಡನೇ ಪತ್ರ ಬರದ್ರ ಚಕ್ಕುಬಂದಿ ಹೊಂದೇ ಹೊಂದತೈತಿ. ಅದರಾಗ ಏನು ವಿಶೇಷ?" ಚಕ್ಕುಬಂದಿ ಎಂದರೆ ಆಸ್ತಿಯ ನಾಲ್ಕೂ ದಿಕ್ಕಿನ ಎಲ್ಲೆ. ಮಾವನ ಪ್ರಪಂಚದಲ್ಲಿ ಅದಿಲ್ಲದೆ ಯಾವುದೂ ಅಸ್ತಿತ್ವದಲ್ಲಿಲ್ಲ.

"ಬರದವರು ಅದಕ್ಕಾಗಿ ಹೊಡೆತ ತಿಂದ್ರು, ಜೀವ ಬಿಟ್ರು. ಸುಳ್ಳು ಪತ್ರಕ್ಕ ಯಾರರ ಜೀವ ಕೊಡ್ತಾರೇನ್ರಿ?"

ಆ ದಿನ ಮಾವ ಚಹಾ ಮುಗಿಸದೆ ಎದ್ದು ಬಂದರು. ಮರುದಿನ ಐದಕ್ಕೆ ಐದು ನಿಮಿಷ ಮೊದಲೇ ಹೋಗಿ ಬಾಗಿಲಲ್ಲೇ ಹೇಳಿದರು: "ಸಿಸ್ಟರ್, ತಪ್ಪು ಸರ್ವೆ ನಂಬರಿಗೂ ಮಂದಿ ಜೀವ ಕೊಟ್ಟದ್ದು ನೋಡೀನ್ರಿ. ಅವರು ಸುಳ್ಳರಲ್ಲ. ಖರೇ ಅಂತ ನಂಬಿದ್ರು. ಅಷ್ಟಕ್ಕ ಹೊಲ ಅವರದಾಗಲಿಲ್ಲ."

ಈ ಸಲ ಸಿಸ್ಟರ್ ಚಹಾ ಕುಡಿಯಲಿಲ್ಲ!

ಮೂರನೆಯ ಷರತ್ತು ಹುಟ್ಟಿದ್ದು ಕತ್ತೆಯ ಮೇಲೆ. ಅರಸ ಕತ್ತೆಮರಿ ಏರಿ ಬರುತ್ತಾನೆಂದು ಹಳೆಯ ಪುಸ್ತಕದಲ್ಲಿದೆ, ಯೇಸು ಹಾಗೆಯೇ ಬಂದ ಎಂದು ಹೊಸದರಲ್ಲಿದೆ. ಮಾವ ಅಂದರು, "ಅಂವಗ ಗೊತ್ತಿತ್ತು. ಗೊತ್ತಿದ್ದೇ ಕತ್ತಿ ತರಿಸಿದ. ಬರದದ್ದು ಕೈಯಾಗ ಇಟ್ಕೊಂಡು ಹಂಗ ಮಾಡಿದ್ರ ಭವಿಷ್ಯ ನಿಜ ಆದಂಗ ಅಲ್ರಿ. ನಿಜ ಮಾಡಾವಗ ಅದು ಗೊತ್ತಿರಬಾರದು."

ಸಿಸ್ಟರ್ ಅಂದು ವಾದ ಮಾಡಲಿಲ್ಲ. ಸುಮ್ಮನೆ ನಕ್ಕು ಅಂದರು, "ಹೌದ್ರಿ ಅಣ್ಣಾರ, ಬೇಕಂತಲೇ ತರಿಸಿದ. ಕೊಟ್ಟ ಮಾತು ನಡಿಸಿಕೊಡೋರು ಬೇಕಂತಲೇ ನಡಿಸಿಕೊಡ್ತಾರ." ಮಾವ ಅದನ್ನು ಬರೆದುಕೊಳ್ಳಲಿಲ್ಲ. ಅದು ನಾಳೆಯ ಮಾತಲ್ಲವಲ್ಲ!

ಹೋದ ಜುಲೈನಲ್ಲಿ ಸಿಸ್ಟರ್ ಸವಾಲು ಹಾಕಿದರು. "ನಾನೂ ಒಂದು ಭವಿಷ್ಯ ಹೇಳ್ತೀನಿ, ಬರಕೋರಿ." ಮಾವ ಓಡಿ ಹೋಗಿ ಪೆಟ್ಟಿಗೆಯಲ್ಲಿ ಉಳಿದಿದ್ದ ಹಳೆಯ ಛಾಪಾ ಕಾಗದ ತಂದರು. ಬರುವ ಕ್ರಿಸ್‌ಮಸ್ ದಿನದ ಬೆಳಗಿನ ಆರಾಧನೆಗೆ ಸದರಿ ಅಣ್ಣಾರು ತಾವಾಗಿಯೇ ಚರ್ಚಿಗೆ ಬಂದು, ಸಿಸ್ಟರ್ ಓದುವುದನ್ನು ಕೂತು ಕೇಳುತ್ತಾರೆ ಎಂಬುದು ಅದರ ಸಾರಾಂಶ. ಎರಡನೆಯ ಅರ್ಥ ಹುಟ್ಟಬಾರದೆಂದು ಮಾವ ಚರ್ಚಿಗೆ ಚಕ್ಕುಬಂದಿ ಹಾಕಿದರು: ಪೂರ್ವಕ್ಕೆ ಹಿಟ್ಟಿನ ಗಿರಣಿ, ಪಶ್ಚಿಮಕ್ಕೆ ಸರ್ಕಾರಿ ರಸ್ತೆ, ಉತ್ತರಕ್ಕೆ ಖಾಲಿ ನಿವೇಶನ, ದಕ್ಷಿಣಕ್ಕೆ ಹುಣಸೆಮರ. ಒಂದನೇ ಸಾಕ್ಷಿ ನಾನು. ಎರಡನೇ ಸಾಕ್ಷಿ ಜೆರಾಕ್ಸ್ ಅಂಗಡಿಯ ಕೊಟ್ರೇಶಿ.

"ನಾನು ಸತ್ತರೂ ಬರಂಗಿಲ್ಲ," ಎಂದರು ಮಾವ ಖುಷಿಯಿಂದ.

"ಅದನ್ನೂ ಬರಕೋರಿ," ಎಂದರು ಸಿಸ್ಟರ್.

ಸೆಪ್ಟೆಂಬರಿನಲ್ಲಿ ಸಿಸ್ಟರಿಗೆ ಲಕ್ವಾ ಹೊಡೆಯಿತು.

ಆಸ್ಪತ್ರೆಯಿಂದ ಹದಿನಾರು ದಿನಕ್ಕೆ ಮನೆಗೆ ಬಂದರು. ಬಲಗೈ ಸೋತಿತ್ತು. ಮಾತು ತೊದಲುತ್ತಿತ್ತು. ದಿನಾ ಮಾತಾಡಿಸಿದರೆ ಮಾತು ತಿರುಗಿ ಬರುತ್ತದೆ, ಸುಮ್ಮನಿದ್ದರೆ ಹೋಗೇ ಬಿಡಬಹುದು ಎಂದು ಡಾಕ್ಟರು ಹೇಳಿದ್ದರು. ಆದರೆ ಸಿಸ್ಟರ್ ಬಾಯಿ ತೆರೆಯಲಿಲ್ಲ. ಇಡೀ ಊರನ್ನು ಗದರಿಸಿದ ಆ ದನಿ ತೊದಲುವುದನ್ನು ಯಾರೂ ಕೇಳಬಾರದೆಂದು ಗೋಡೆಯ ಕಡೆ ಮುಖ ಮಾಡಿ ಮಲಗಿದರು. ಮಾವ ಐದಕ್ಕೆ ಹೋಗಿ, ಅರ್ಧ ಗಂಟೆ ಕೂತು, ಎದ್ದು ಬರುತ್ತಿದ್ದರು. ವಾದವಿಲ್ಲದ ಮಾವ ಮನೆಯಲ್ಲಿ ಅತ್ತೆಯ ಮೊಣಕಾಲಿನ ಜೊತೆಗೂ ಜಗಳ ತೆಗೆಯತೊಡಗಿದರು. "ಇವ್ರಿಗೆ ಸಿಸ್ಟರ್‌ಗಿಂತ ಹೆಚ್ಚು ಬ್ಯಾನಿ ಆಗೇತಿ," ಎಂದರು ಅತ್ತೆ.

ಏಳನೆಯ ದಿನ ನಾನೂ ಜೊತೆಗಿದ್ದೆ. ಮಾವ ಇದ್ದಕ್ಕಿದ್ದಂತೆ ಗೋಡೆಗೆ ಹೇಳುವವರ ಹಾಗೆ ಕೇಳಿದರು: "ಸಿಸ್ಟರ್, ಆ ಕತ್ತಿ ಮ್ಯಾಲ ಕುಂತು ಬಂದಾವ ಮೋಶೆ ಅಲ್ಲೇನ್ರಿ?"

ಬೆನ್ನು ಅಲುಗಿತು.

"ಮೋಶೆನ. ನನಗ ಚಲೋ ನೆನಪೈತಿ. ನೋಹನ ನಾವಿಯಿಂದ ಇಳದು ಕತ್ತಿ ಹತ್ತಿದ."

ಸಿಸ್ಟರ್ ತಿರುಗಿದರು. ಮುಖ ಕೆಂಪಾಗಿತ್ತು. ತುಟಿ ಒದ್ದಾಡಿತು. "ಅ... ಅಲ್ಲ!"

ಮನೆಗೆ ಬಂದ ಮೇಲೆ ಅವರ ಮೊದಲ ಮಾತು ಅದು. ಆಮೇಲಿನ ಎರಡು ತಿಂಗಳು ಮಾವ ಮೂರು ಸಲ ಓದಿದ ಪುಸ್ತಕವನ್ನು ದಿನಕ್ಕೊಂದು ರೀತಿ ತಪ್ಪು ಹೇಳಿದರು. ದಾವೀದನ ಕೈಗೆ ಕೋವಿ ಕೊಟ್ಟರು, ಯೋನನನ್ನು ಮೊಸಳೆಗೆ ನುಂಗಿಸಿದರು. ಸಿಸ್ಟರ್ ಒಂದೊಂದೇ ಪದ ಹೆಕ್ಕಿ ಹೆಕ್ಕಿ ಬೈದರು. ಡಿಸೆಂಬರಿಗೆ ಪೂರ್ತಿ ವಾಕ್ಯದಲ್ಲಿ ಬೈಯುವಷ್ಟು ಸುಧಾರಿಸಿದರು!

ಆದರೆ ಹೊರಗೆ ಮಾತ್ರ ಬರಲೊಲ್ಲರು. ಪ್ರತಿ ವರ್ಷ ಕ್ರಿಸ್‌ಮಸ್ ಪಾಠ ಓದುತ್ತಿದ್ದವರು ಅವರೇ. "ಈ ಸಲ ಒ... ಒಲ್ಲೆ. ಮಂದಿ ನಗ್ತಾರ. ನಂದು ಮು... ಮುಗೀತು," ಎಂದು ಇಪ್ಪತ್ನಾಲ್ಕನೇ ತಾರೀಖು ಮಧ್ಯಾಹ್ನ ಪಾಸ್ಟರನ್ನು ವಾಪಸು ಕಳಿಸಿದರು.

ಆ ಸಂಜೆ ಮಾವ ಛಾಪಾ ಕಾಗದ ಹಿಡಿದು ಹೋದರು. "ನೋಡ್ರಿ, ಇದರಾಗ ಏನೈತಿ? 'ಸಿಸ್ಟರ್ ಓದುವುದನ್ನು ಕೂತು ಕೇಳುತ್ತಾರೆ.' ನೀವು ಓದಲಿಲ್ಲಂದ್ರ ಭವಿಷ್ಯ ಸುಳ್ಳು. ನಾಳೆ ಹತ್ತು ಗಂಟೆಗೆ ಸುಳ್ಳು ಅಂತ ಶರಾ ಬರದು, ಕೊಟ್ರೇಶಿ ಅಂಗಡ್ಯಾಗ ಕಾಪಿ ತಗಿಸಿ, ಕಂಬಕ್ಕೊಂದು ಅಂಟಿಸ್ತೀನಿ. ಹನ್ನೊಂದು ವರ್ಷದ ವಾದ, ನಾನ ಗೆದ್ದೆ!"

"ಗೆ... ಗೆಲ್ರಿ ನೋಡೋಣ," ಎಂದರು ಸಿಸ್ಟರ್. ಅವರ ಕಣ್ಣಲ್ಲಿ ನರ್ಸ್ ಆಗಿದ್ದಾಗಿನ ಹಳೆಯ ಸಿಟ್ಟಿತ್ತು.

ಮರುದಿನ ನಾನು ನಿಂತಿದ್ದ ಜಾಗ ಮೊದಲೇ ಹೇಳಿದ್ದೇನೆ. ಮಾವ ಆಗಲೇ ಕೊನೆಯಿಂದ ಎರಡನೇ ಬೆಂಚಿನಲ್ಲಿ ಢಾಳಾದ ವಿಭೂತಿ ಹಚ್ಚಿಕೊಂಡು ಕೂತಿದ್ದರು. ಕೊಟ್ರೇಶಿ ಅವರ ಕಿವಿಯಲ್ಲಿ, "ಮಾವಾರ, ಬರದದ್ದು ಕೈಯಾಗ ಇಟ್ಕೊಂಡು ನೀವ ಬಂದು ಕುಂತೀರಿ. ನಿಮ್ಮ ಮೂರನೇ ಷರತ್ತಿನ ಪ್ರಕಾರ ಇದು ನಡಿಯಂಗಿಲ್ಲಲ್ರಿ?" ಅಂದ. ಮಾವ ಅವನನ್ನು ನೋಡಲಿಲ್ಲ. "ಬಾಯಿ ಮುಚ್ಚಲೇ, ಪ್ರಾರ್ಥನಿ ನಡದೈತಿ," ಎಂದರು!

ಒಂಬತ್ತು ಇಪ್ಪತ್ತಕ್ಕೆ ಬಾಗಿಲಲ್ಲಿ ಆಟೋ ನಿಂತಿತು. ಅತ್ತೆಯ ತೋಳು ಹಿಡಿದು, ಬಿಳಿ ಸೀರೆ ಉಟ್ಟು, ಬಲಗಾಲು ಎಳೆಯುತ್ತ ಸಿಸ್ಟರ್ ಬಂದರು. ನನ್ನ ಪಕ್ಕದಲ್ಲೇ ಹಾದುಹೋದರು. ನೇರ ಮುಂದೆ ಹೋಗಿ ಪುಸ್ತಕದ ಎದುರು ನಿಂತರು. ಓದತೊಡಗಿದರು. ನಿಧಾನ, ಆದರೆ ಸ್ಪಷ್ಟ. ಎಲ್ಲಕ್ಕಿಂತ ಸಣ್ಣ ಊರಿನಿಂದ ಅರಸ ಬರುವನೆಂಬ ಭಾಗ. ಆ ಊರಿನ ಹೆಸರಿಗೆ ಬಂದಾಗ ನಾಲಿಗೆ ನಿಂತುಬಿಟ್ಟಿತು.

"ಬೇ..." ಅಂದರು. ಮತ್ತೆ "ಬೇ..." ಅಂದರು. ಮೂರನೆಯ ಸಲ ದನಿಯೇ ಬರಲಿಲ್ಲ. ಎಡಗೈ ಪುಸ್ತಕ ಮುಚ್ಚಲು ಮೇಲೆದ್ದದ್ದನ್ನು ನಾನು ನೋಡಿದೆ.

ಆಗ ಹಿಂದಿನಿಂದ, ಕ್ರಯಪತ್ರ ಓದಿ ಹೇಳುವ ಅದೇ ಗಟ್ಟಿ ದನಿ ಬಂತು: "ಬೇತ್ಲೆಹೇಮು, ಸಿಸ್ಟರ್. ಬೇತ್ಲೆಹೇಮು."

ಎಲ್ಲರೂ ತಿರುಗಿದರು. ಮಾವ ಎದ್ದು ನಿಂತಿದ್ದರು. ಅಲ್ಲಿ ಹುಟ್ಟಿದ್ದೇ ಸಾಬೀತಾಗಿಲ್ಲ ಎಂದು ಹನ್ನೊಂದು ವರ್ಷ ವಾದಿಸಿದ ಮನುಷ್ಯ! ಸಿಸ್ಟರ್ ತಲೆ ಎತ್ತಿ ಅವರನ್ನು ನೋಡಿದರು. "ಗೊ... ಗೊತ್ತೈತ್ರಿ ನನಗ," ಎಂದರು. ಚರ್ಚಿಗೆ ಚರ್ಚೇ ನಕ್ಕಿತು. ಸಿಸ್ಟರೂ ನಕ್ಕರು. "ಬೇತ್ಲೆಹೇಮು," ಎಂದರು, ಮತ್ತು ಕೊನೆಯ ಸಾಲಿನವರೆಗೆ ಓದಿದರು. ಮಾವ ಕನ್ನಡಕ ತೆಗೆದು ಒರೆಸಿಕೊಂಡರು. ಅತ್ತರು ಎಂದು ನಾನು ಹೇಳುವುದಿಲ್ಲ. ನಾನು ಕಂಡದ್ದು ಕನ್ನಡಕ ಒರೆಸಿದ್ದು ಮಾತ್ರ.

ಹುಣಸೆಮರದ ಕೆಳಗೆ, ಅಂದರೆ ದಕ್ಷಿಣದ ಎಲ್ಲೆಯಲ್ಲಿ, ಮಾವ ಕಾಗದ ಬಿಡಿಸಿ ಶರಾ ಬರೆದರು: "ಮೂರನೇ ಷರತ್ತಿನಂತೆ ಇದನ್ನು ಭವಿಷ್ಯವೆಂದು ಒಪ್ಪಲು ಬರುವುದಿಲ್ಲ. ಮಾತು ನಡೆಸಿಕೊಡಲಾಗಿದೆ." ಸಿಸ್ಟರ್ ಅದನ್ನು ಎರಡು ಸಲ ಓದಿ, ಎಡಗೈಯಲ್ಲಿ ಸೊಟ್ಟ ಸೊಟ್ಟ ಸಹಿ ಹಾಕಿದರು. ಬೈಬಲ್ ನಿಜವೆಂದು ಅದರಿಂದ ಸಾಬೀತಾಯಿತೇ? ಆಗಲಿಲ್ಲ. ಆ ವಾದ ಈಗಲೂ ಬಾಕಿ ಇದೆ, ಚಹಾ ಈಗ ಅತ್ತೆ ಮಾಡುತ್ತಾರೆ.

ಇದನ್ನು ಕಣ್ಣಾರೆ ಕಂಡವರು: ಬಾಗಿಲ ಎಡಕ್ಕೆ ನಿಂತಿದ್ದ ನಾನು. ಮಾವನ ಪಕ್ಕ ಕೂತಿದ್ದ ಜೆರಾಕ್ಸ್ ಕೊಟ್ರೇಶಿ. ತೋಳು ಕೊಟ್ಟು ಕರೆತಂದ ಅತ್ತೆ. ಪುಸ್ತಕದ ಬಲಕ್ಕೆ ನಿಂತಿದ್ದ ಪಾಸ್ಟರು. ಮತ್ತು ರೂತಮ್ಮ ಸಿಸ್ಟರ್. ಎಲ್ಲರೂ ಬದುಕಿದ್ದಾರೆ, ಬೇಕಾದರೆ ಹೋಗಿ ಕೇಳಿ. ರೂತಮ್ಮ ಸಿಸ್ಟರ್ ಇದ್ದಾರೆ.