ಮನೆಯವರನ್ನು ಕರೆದುಕೊಂಡು ಬನ್ನಿ

ಕೆಲವು ರೋಗಗಳನ್ನು ಗುರುತಿಸುವುದು ಅಷ್ಟು ಕಷ್ಟವಲ್ಲ, ಅವುಗಳ ಹೆಸರೆತ್ತದೆ ಮಾತಾಡುವುದೇ ಕಷ್ಟ. ಹಾಗಾಗಿ ಆಸ್ಪತ್ರೆಯಲ್ಲಿ ಮಾತಿನ ಎಡವಟ್ಟುಗಳು ಆಗುತ್ತಲೇ ಇರುತ್ತವೆ. ತೊಂಬತ್ತರ ದಶಕದಲ್ಲಿ ನಾನು ಶ್ರೀರಂಗಪಟ್ಟಣದ ಒಂದು ಸಣ್ಣ ಆಸ್ಪತ್ರೆಯಲ್ಲಿ ರಕ್ತಪರೀಕ್ಷೆ ಮಾಡುತ್ತಿದ್ದೆ. ಬೇರೆಯವರ ಮನೆಯ ಗುಟ್ಟು ಮೊದಲು ಗೊತ್ತಾಗುತ್ತಿದ್ದುದು ನನಗೇ. ನಗು ಬಂದರೂ ಸಿಟ್ಟು ಬಂದರೂ ನುಂಗಿಕೊಳ್ಳಬೇಕಿತ್ತು.

೧. ಮನೆಯವರು

ಕಿರಂಗೂರಿನ ಕಡೆಯ ಹೆಂಗಸೊಬ್ಬಳು ಬಂದಳು, ನಾಲ್ಕು ತಿಂಗಳ ಬಸುರಿ. ಹಿಂದೆ ಎರಡು ಸಲ ಹೆತ್ತಿದ್ದಳು, ಎರಡೂ ಹೊಟ್ಟೆಯಲ್ಲೇ ತೀರಿಕೊಂಡಿದ್ದವು. ಅತ್ತೆ ಹರಕೆ ಹೊತ್ತಿದ್ದಳೇ ಹೊರತು ರಕ್ತ ಯಾರೂ ಪರೀಕ್ಷೆ ಮಾಡಿಸಿರಲಿಲ್ಲ. ನಾನು ನೋಡಿದೆ. ಸಿಫಿಲಿಸ್ ಎಂಬ ಲೈಂಗಿಕ ರೋಗ ಇತ್ತು.

ಡಾಕ್ಟರಮ್ಮ ಅವಳನ್ನು ಒಳಗೆ ಕೂರಿಸಿಕೊಂಡು ಹೇಳಿದರು: "ಇದು ಇಂಜೆಕ್ಷನ್ನಿಗೆ ವಾಸಿಯಾಗುತ್ತಮ್ಮ. ಈ ಮಗು ಉಳಿಸ್ಕೋಬಹುದು. ಆದ್ರೆ ನಿಮ್ಮ ಯಜಮಾನರಿಗೂ ಕೊಡ್ಬೇಕು, ಇಲ್ದಿದ್ರೆ ನಿಮಗೆ ತಿರುಗಿ ತಗಲಬಹುದು." ಹೊರಗೆ ಕೂತಿದ್ದ ಅತ್ತೆಗೆ ಮಾತ್ರ ಮರ್ಯಾದೆಯಾಗಿ, "ನಾಳೆ ಸೊಸೆಯ ಮನೆಯವರನ್ನ ಕರ್ಕೊಂಡು ಬನ್ನಿ" ಎಂದರು.

ಮರುದಿನ ಒಂದು ಟ್ರಾಕ್ಟರು ಬಂತು. ಅದರಲ್ಲಿ ಅತ್ತೆ, ಮಾವ, ಇಬ್ಬರು ಮೈದುನರು, ಓರಗಿತ್ತಿ, ಅವಳ ಮಕ್ಕಳು, ಹಲ್ಲಿಲ್ಲದ ಒಬ್ಬ ಅಜ್ಜಿ.

"ಇವಳ ಗಂಡ ಎಲ್ಲಿ?" ಎಂದರು ಡಾಕ್ಟರಮ್ಮ.

"ಮನೆಯೋರೆಲ್ಲ ಬಂದ್ಬುಟ್ರೆ ದನ ಕಟ್ಟೋರ್ ಯಾರು ಅಂತ ಅವನೊಬ್ಬನ್ನ ಬುಟ್ ಬಂದೋ ಕಣವ್ವ" ಎಂದಳು ಅತ್ತೆ.

೨. ಸ್ನೇಹಿತ

ನಾಲ್ಕು ದಿನ ಬಿಟ್ಟು ಗಂಡ ಒಬ್ಬನೇ ಬಂದ. ಕೂರಲಿಲ್ಲ, ಬಾಗಿಲಿನ ಕಡೆಯೇ ಕಣ್ಣು.

"ನಂಗೇನೂ ಇಲ್ಲ ಕಣಮ್ಮ. ನಮ್ ಸ್ನೇಯಿತಂಗೆ ಮದ್ವೆಯಾದ ವರ್ಸ ಅಲ್ಲೊಂದು ಗಾಯ ಆಗಿತ್ತು. ನೋವೂ ಇರ್ನಿಲ್ಲ. ಬೇವಿನೆಣ್ಣೆ ಅಚ್ಕಂಡ, ತಿಂಗ್ಳಲ್ಲೇ ಮಾಯ ಆಗೋಯ್ತು."

"ಬೇವಿನೆಣ್ಣೆ ಹಚ್ಚದಿದ್ರೂ ಅದು ಮಾಯ ಆಗ್ತಿತ್ತು. ಗಾಯ ಹೋಗುತ್ತೆ, ರೋಗ ರಕ್ತದಲ್ಲೇ ಕೂತಿರುತ್ತೆ. ಹೆಂಡತಿಗೆ ತಗಲುತ್ತೆ, ಅವಳಿಂದ ಹೊಟ್ಟೆಯಲ್ಲಿರೋ ಕೂಸಿಗೆ" ಎಂದರು ಡಾಕ್ಟರಮ್ಮ.

ಅವನ ಮುಖ ಬಾಡಿತು. ಎರಡು ಸಲ ಗುದ್ದಲಿ ಹಿಡಿದು ಸತ್ತ ಕೂಸುಗಳನ್ನು ಮಣ್ಣು ಮಾಡಿದವನು ಅವನೇ. ಆ ಗಳಿಗೆಯಲ್ಲಿ ನನಗೂ ಅಯ್ಯೋ ಅನ್ನಿಸಿತು.

"ಹಾಗಾದ್ರೆ ಆ ಸ್ನೇಹಿತನ ರಕ್ತ ಬೇಕಲ್ಲ" ಎಂದರು ಡಾಕ್ಟರಮ್ಮ.

ಅವನು ಷರಟಿನ ತೋಳು ಮಡಚಿ ನನ್ನ ಮುಂದೆ ಕೈ ಚಾಚಿದ. "ಅವ್ನು ಬರಾಕಾಗಕಿಲ್ಲ ಸಾ. ಅವ್ನ್ ಬದ್ಲು ನಂದೇ ತಕ್ಕಳಿ."

೩. ಅಳು

ಸ್ನೇಹಿತನ ರಕ್ತದಲ್ಲೂ ರೋಗವಿತ್ತು. ಗಂಡ ಹೆಂಡತಿ ಇಬ್ಬರಿಗೂ ವಾರಕ್ಕೊಮ್ಮೆಯಂತೆ ಮೂರು ವಾರ ಪೆನಿಸಿಲಿನ್. ಮಂದವಾದ ಬಿಳಿ ಔಷಧಿ, ಸೊಂಟದ ಕೆಳಗೆ ಇಳಿಯುವಾಗ ಜೀವ ಹೋಗುವಷ್ಟು ನೋವು. ಹೆಂಡತಿ ಗೋಡೆ ನೋಡುತ್ತಾ ಹಾಕಿಸಿಕೊಂಡಳು. ಗಂಡ ಕೂಗಿದ ಕೂಗಿಗೆ ಹೊರಗೆ ಚೀಟಿ ಹಿಡಿದು ನಿಂತಿದ್ದವರಲ್ಲಿ ಇಬ್ಬರು ಮನೆಗೆ ಹೊರಟುಹೋದರು.

"ನಿಮ್ಮ ಹೆಂಡತಿ ಉಸಿರೆತ್ತಲಿಲ್ಲ ನೋಡಿ" ಎಂದಳು ನರ್ಸು.

"ಅವಳ್ಗೆ ನೋವು ವಾಡಿಕೆ ಕಣವ್ವ, ನಂಗಿಲ್ಲ."

ನನಗೆ ಮೈಯೆಲ್ಲ ಉರಿಯಿತು. ಆದರೂ ಮೂರು ವಾರವೂ ತಪ್ಪದೆ ಬಂದ.

ದಿನ ತುಂಬಿ ಹೆರಿಗೆಯೂ ನಮ್ಮಲ್ಲೇ ಆಯಿತು. ಹೆಣ್ಣು ಮಗು. ರೋಗ ಅದಕ್ಕೆ ತಗಲಿಲ್ಲವೆಂದು ಖಾತ್ರಿ ಮಾಡಿಕೊಳ್ಳಲು ನಾನು ಕಾಲಿಗೆ ಸೂಜಿ ಚುಚ್ಚಿದ್ದೇ ತಡ, ವಾರ್ಡಿನ ಸೂರು ಹಾರುವ ಹಾಗೆ ಕಿರುಚಿತು.

"ಸೂಜಿ ಅಂದ್ರೆ ಥೇಟ್ ಅವರಪ್ಪನಂಗೇ" ಎಂದಳು ಅತ್ತೆ. ಗಂಡ ಕಿಟಕಿಯ ಕಡೆ ತಿರುಗಿಕೊಂಡ. ಅತ್ತೆ ಸೊಸೆಯನ್ನು ಗದರಿದಳು: "ಎತ್ಕಂಡು ಸುಮ್ನಿರ್ಸೇ, ಎಷ್ಟೊತ್ ಅಳುಸ್ತೀಯ?"

ಹೆಂಡತಿ ಕೈ ಚಾಚಲಿಲ್ಲ.

"ಒಸಿ ಅಳ್ಲಿ ಬುಡತ್ತೆ" ಎಂದಳು. "ನಾನ್ ಹೆತ್ತ ಮೂರ್ ಕೂಸ್ನಲ್ಲಿ ಅಳ್ತಿರೋದು ಇದೊಂದೇಯ."