ಕಾಲುಚೀಲಕ್ಕೆ ಜೋಡಿ

ಗಿರಾಕಿಯೊಬ್ಬನ ಎಡಗಾಲಿಗೆ ನೀಲಿ, ಬಲಗಾಲಿಗೆ ಕಪ್ಪು ಕಾಲುಚೀಲ ಹೋದದ್ದೇ ಎಲ್ಲಕ್ಕೂ ಮೂಲ.

ಲಾಂಡ್ರಿಯಲ್ಲಿ ಒಗೆದ ಕಾಲುಚೀಲಗಳಿಗೆ ಜೋಡಿ ಹುಡುಕುವ ಕೆಲಸ ಕನಸುಗಣ್ಣನದು. ಕಿಟಕಿ ಪಕ್ಕದ ಮೇಜು. ಹೊರಗೆ ಮೋಡಗಳು ಹಿಂಡಿ ಹರವಿದ ಬಿಳಿ ಬಟ್ಟೆಯಂತೆ ಅಲುಗುತ್ತಿದ್ದವು. ಕೈ ಬುಟ್ಟಿಯಲ್ಲಿ, ಮನಸ್ಸು ಅಲ್ಲಿ.

"ಸಂಜೆಯೊಳಗೆ ಇನ್ನೊಂದು ಜೋಡಿ ತಪ್ಪಿದ್ರೆ ನಿನ್ನನ್ನ ಆವಿ ಕೋಣೆಗೆ ಹಾಕ್ತೀನಿ," ಎಂದರು ಯಜಮಾನಿ. ಬಟ್ಟೆಗೆ ಬಿಸಿ ಆವಿ ಹಾಯಿಸುವ ಆ ಕೋಣೆಗೆ ಕಿಟಕಿಯೇ ಇರಲಿಲ್ಲ.

ಕಿಟಕಿ ಕೈತಪ್ಪಿದರೆ ಅವನ ಪಾಲಿಗೆ ಹಗಲೇ ಇಲ್ಲ. ಹಳೆಯ ಕಂಪ್ಯೂಟರ್ ತೆರೆದ. ನ್ಯೂರಲ್ ನೆಟ್‌ವರ್ಕ್‌ಗೆ ಪಾಠ ಹೇಳುವ ಪುಟ್ಟದೊಂದು ಪ್ರೋಗ್ರಾಮಿಂಗ್ ಲೈಬ್ರರಿಯನ್ನು, ಅಂದರೆ ಸಿದ್ಧ ಕೋಡಿನ ಕಟ್ಟನ್ನು, ಅಕ್ಕನ ಮಗಳು ಅದರಲ್ಲಿ ಹಾಕಿಕೊಟ್ಟಿದ್ದಳು. ನಾಲ್ಕು ಸಾಲು ಬರೆದು, ಜೋಡಿ ಯಾವುದು, ಅಲ್ಲದ್ದು ಯಾವುದು ಎಂದು ಫೋಟೋ ತೋರಿಸಿದರೆ ಆಯಿತು. ಅದು ಊಹಿಸುತ್ತದೆ, ತಪ್ಪುತ್ತದೆ, ತಿದ್ದಿಕೊಳ್ಳುತ್ತದೆ. ತಪ್ಪು ಕಡಿಮೆಯಾದಂತೆ ತೆರೆಯ ಮೇಲಿನ ಅಂಕಿ ಇಳಿಯುತ್ತದೆ.

ಇಸ್ತ್ರಿ ಮಾವ ಬಗ್ಗಿ ನೋಡಿದರು. "ಅಂಕ ಜಾರ್ತಾನೇ ಇದೆಯಲ್ಲೋ. ಶಿಷ್ಯನೂ ನಿನ್ ಥರಾನೇ."

"ಇಳೀಬೇಕು ಮಾವ. ಅದು ತಪ್ಪಿನ ಲೆಕ್ಕ."

"ಫೇಲಾದವ್ರೆಲ್ಲ ಹಾಗೇ ಹೇಳೋದು," ಎಂದು ಗುಂಡಿ ಹೊಲಿಯುವ ಅತ್ತೆ ಮರುಕದಿಂದ ಪ್ಲಗ್ಗನ್ನೇ ಕಿತ್ತರು.

ಮತ್ತೆ ಮೊದಲಿನಿಂದ. ಆತುರಕ್ಕೆ ಬಿದ್ದು ಈ ಸಲ ಸರಿಯಾದ ಜೋಡಿಗಳನ್ನಷ್ಟೇ ತೋರಿಸಿದ. ಅಂಕಿ ರೆಪ್ಪೆ ಬಡಿಯುವುದರೊಳಗೆ ಸೊನ್ನೆಗಿಳಿಯಿತು. ಕಂಪ್ಯೂಟರಿನ ಕ್ಯಾಮೆರಾದ ಮುಂದೆ ಕೆಂಪು ಚೀಲದ ಪಕ್ಕ ಹಸಿರು ಇಟ್ಟ. "ಜೋಡಿ," ಎಂದಿತು ತೆರೆ. ಚೀಲದ ಪಕ್ಕ ಕತ್ತರಿ ಇಟ್ಟ. "ಜೋಡಿ." ಕರೆಯುವುದಕ್ಕಷ್ಟೇ ಮಾವ, ಅತ್ತೆಯಾದ ಇಬ್ಬರೂ ಕ್ಯಾಮೆರಾದೊಳಗೆ ಒಟ್ಟಿಗೆ ಇಣುಕಿದರು. "ಜೋಡಿ."

"ಇದರ ಮನೆ ಹಾಳಾಗ," ಎಂದು ಅತ್ತೆ ಮಾರು ದೂರ ಸರಿದರು.

ಜೋಡಿಯಲ್ಲದ್ದು ಹೇಗಿರುತ್ತದೆಂದು ತೋರಿಸದೆ ಪಾಪ, ಅದಕ್ಕೇನು ಗೊತ್ತು?

"ಜೋಡಿ ಅಲ್ಲದ ಚೀಲ ಬೇಕಾ?" ಎಂದರು ಮಾವ. "ನಿನ್ನೆ ನೀನು ಜೋಡಿಸಿಟ್ಟ ಬುಟ್ಟಿ ತರ್ಲಾ?"

ತಂದರು. ಮಧ್ಯಾಹ್ನದ ಬಿಸಿಲು ಮೇಜಿನ ಮೇಲೆ ಬೆಕ್ಕಿನಂತೆ ಮೈಚಾಚಿತ್ತು. ಅಂಕಿ ಬಾವಿಗೆ ಬಿದ್ದ ಎಲೆಯಂತೆ ತೇಲಿ ತೇಲಿ ಇಳಿಯುತ್ತಿತ್ತು. ಗಲ್ಲಕ್ಕೆ ಕೈಯಿಟ್ಟ ಕನಸುಗಣ್ಣನಿಗೆ, ಊರಿನ ಕಾಲುಚೀಲಗಳೆಲ್ಲ ಎರಡೆರಡಾಗಿ ಮೋಡದ ಮೇಲೆ ನಡೆದುಹೋಗುವುದು ಕಂಡಿತು.

ಸಂಜೆ ಯಜಮಾನಿ ಬುಟ್ಟಿ ಸುರಿದು ಪರೀಕ್ಷೆ ಮಾಡಿದರು. ನೀಲಿಗೂ ಕಪ್ಪಿಗೂ ಅದು ಒಮ್ಮೆಯೂ ಮೋಸಹೋಗಲಿಲ್ಲ.

"ಭೇಷ್ ಕಣೋ," ಎಂದರು. ಕನಸುಗಣ್ಣನ ಎದೆ ಹಗುರಾಯಿತು.

"ಫೋಟೋಗೆ ಬೆಳಕು ಚೆನ್ನಾಗಿರ್ಬೇಕು, ಅಲ್ವಾ?" ಎಂದರು ಯಜಮಾನಿ.

"ಹೌದಮ್ಮ. ಕಿಟಕಿ ಬೇಕೇ ಬೇಕು."

"ಹಾಗಾದ್ರೆ ಈ ಮೇಜು ಅದಕ್ಕೇ ಇರ್ಲಿ. ಚೀಲ ಇಡೋದನ್ನ ಅತ್ತೆ ನೋಡ್ಕೋತಾರೆ. ನಾಳೆಯಿಂದ ನೀನು ಆವಿ ಕೋಣೆಗೆ ಹೋಗು. ಅಲ್ಲಿ ಒಬ್ರು ಕಡಿಮೆ ಇದಾರೆ."

ಮಾವ ಕಂಪ್ಯೂಟರನ್ನು ಕಿಟಕಿಗೆ ಇನ್ನಷ್ಟು ಹತ್ತಿರ ಸರಿಸಿದರು. "ಬೆಳಗ್ಗಿಂದ ದುಡಿದಿದೆ. ಸ್ವಲ್ಪ ಗಾಳಿ ಬರ್ಲಿ ಪಾಪ."