ದಾವಣಗೆರೆಗೆ ಬಂದ ಹಡಗುಗಳು

ಸಮುದ್ರ ಕಾಣದವನ ಕೈಗೆ ಬಂದರು ಕೊಟ್ಟರೆ ಏನೇನು ಆಗಬೇಕೋ ಅದೆಲ್ಲ ನನಗೆ ಆಯಿತು. ಒಂದು ಮುಗಿಯಿತೆಂದು ಉಸಿರು ಬಿಡುವಷ್ಟರಲ್ಲಿ ಇನ್ನೊಂದು. ಎಂಬತ್ತರ ದಶಕದ ಮಾತು. ದಾವಣಗೆರೆಯ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ನಾನು ಹೊಸ ಮೇಷ್ಟ್ರು. ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಹಾಗಾಗಿ ಪ್ರಿನ್ಸಿಪಾಲರು ಕೆಮ್ಮಿದರೂ ನಾನು ಎದ್ದು ನಿಲ್ಲುತ್ತಿದ್ದೆ.

ವಾಸನೆ

ನಮ್ಮ ವಿಭಾಗದ ಮುಖ್ಯಸ್ಥರು ಕರಾವಳಿಯ ಒಂದು ಬಂದರಿನವರ ಮೀಟಿಂಗಿಗೆ ಹೋಗಿಬಂದವರೇ ನನ್ನನ್ನು ಕರೆದರು. ಆ ಬಂದರಿಗೆ ಕಂಟೇನರ್ ಎಂಬ ಕಬ್ಬಿಣದ ದೊಡ್ಡ ಪೆಟ್ಟಿಗೆಗಳು ಬರತೊಡಗಿದ್ದವಂತೆ. ಇಳಿಸುವುದು ತಡವಾಗಿ ಹಡಗುಗಳು ಸಾಲುಗಟ್ಟಿ ನಿಲ್ಲುತ್ತಿದ್ದವಂತೆ. ಇನ್ನೊಂದು ಕ್ರೇನ್ ತರಬೇಕೋ, ಜಾಗ ಹೆಚ್ಚಿಸಬೇಕೋ ಅವರಿಗೆ ತಿಳಿಯುತ್ತಿರಲಿಲ್ಲ. ನಾನು ಕಾಲೇಜಿನ ಹೊಸ ಕಂಪ್ಯೂಟರಿನೊಳಗೆ ಅಂಥದೇ ಬಂದರು ಕಟ್ಟಿ, ಲೆಕ್ಕದ ಹಡಗು ತರಿಸಿ, ಲೆಕ್ಕದ ಲಾರಿ ಓಡಿಸಿ, ಎಲ್ಲಿ ಸಿಕ್ಕಿಕೊಳ್ಳುತ್ತದೆಂದು ಹೇಳಬೇಕು. ಇದಕ್ಕೆ ಸಿಮ್ಯುಲೇಶನ್ ಎನ್ನುತ್ತಾರೆ. ಮುಖ್ಯಸ್ಥರು ಆಗಲೇ ಒಪ್ಪಿಕೊಂಡು ಬಂದಿದ್ದರು.

ನಾನು ಅದುವರೆಗೆ ಕಂಡ ಅತಿ ದೊಡ್ಡ ನೀರೆಂದರೆ ಕೊಂಡಜ್ಜಿ ಕೆರೆ. ಅಂಜುತ್ತಲೇ ಅದನ್ನು ಹೇಳಿ, ನೀವಾದರೂ ನೋಡಿದ್ದೀರಲ್ಲ ಸಾರ್, ಬಂದರು ಹೇಗಿರುತ್ತದೆ ಎಂದು ಕೇಳಿದೆ. ಅವರು ದನಿ ತಗ್ಗಿಸಿದರು.

"ಮೀಟಿಂಗು ಊರೊಳಗಿತ್ತಪ್ಪ. ಬಂದರಿಂದು ವಾಸನೆ ಮಾತ್ರ ಬಂತು."

ಪಂದ್ಯ

ಬಂದರಿನವರು ಕಳಿಸಬೇಕಾದ ಮಾಹಿತಿ ತಡವಾಯಿತು. ಅಲ್ಲಿಯವರೆಗೆ ಲಾರಿ ತುಂಬಲು ಎಷ್ಟು ಹೊತ್ತು ಬೇಕು, ಹಿಂದಿನದು ಎಷ್ಟು ಕಾಯುತ್ತದೆ ಎಂಬ ಅಂದಾಜಾದರೂ ಸಿಗಲಿ ಎಂದು, ಆಟದ ಮೇಷ್ಟ್ರ ಸ್ಟಾಪ್‌ವಾಚ್ ತಗೊಂಡು ಹತ್ತಿ ಮಾರುಕಟ್ಟೆಗೆ ಹೋಗಿ ನಿಂತೆ. ಮೂಟೆ ಹೊರುತ್ತಿದ್ದ ಹಮಾಲರು ನನ್ನನ್ನೂ ಗಡಿಯಾರವನ್ನೂ ದುರುಗುಟ್ಟಿ ನೋಡತೊಡಗಿದರು. ಯಾರೋ ಸಾಹುಕಾರನ ಕಡೆಯವನೆಂದು ತಿಳಿದು ಬಾರಿಸುತ್ತಾರೇನೋ ಎಂದು ನನಗೆ ಬೆವರು.

ಎಲ್ಲರೂ ಚಾಚಾ ಎನ್ನುತ್ತಿದ್ದ ಅವರ ಮುಖಂಡರು ಹತ್ತಿರ ಬಂದರು. ನಿಮ್ಮ ತಪ್ಪು ಹುಡುಕಲು ಬಂದಿಲ್ಲ, ಬರೀ ಹೊತ್ತು ಅಳೆಯುತ್ತೇನೆ ಎಂದು ತೊದಲಿದೆ. ಅವರು ತಲೆಯಾಡಿಸಿ, ತಮ್ಮವರಿಗೆ ಏನೋ ಹೇಳಿದರು. ಆಮೇಲೆ ಮೂಟೆಗಳು ಹಾರಿದವು ಎಂದೇ ಹೇಳಬೇಕು. ಊಟದ ಹೊತ್ತಿಗೆ ಅಂಗಳದಲ್ಲಿ ಒಂದು ಲಾರಿಯೂ ಉಳಿದಿರಲಿಲ್ಲ. ಕಾಯುವುದನ್ನು ಅಳೆಯಲು ಬಂದ ನನಗೆ ಕಾಯುವ ಲಾರಿಯೇ ಸಿಗಲಿಲ್ಲ.

ಚಾಚಾ ಏದುಸಿರು ಬಿಡುತ್ತ ಬಂದು ಮೆಲ್ಲಗೆ ಕೇಳಿದರು: "ನಾವು ಗೆದ್ವೋ, ಹುಬ್ಬಳ್ಳಿ ಹಮಾಲ್ರು ಗೆದ್ರೋ, ಅಷ್ಟು ಹೇಳಿ ಹೋಗ್ರಿ ಸಾಹೇಬ್ರೆ."

ಹೊಳೆದಂಡೆ

ಅದೇ ಸಮಯಕ್ಕೆ ಹರಿಹರದಲ್ಲಿ ನನಗೊಂದು ಹೆಣ್ಣು ನೋಡಿದ್ದರು. ಹುಡುಗ ಬಂದರಿನ ಕೆಲಸದಲ್ಲಿದ್ದಾನೆ ಎಂದು ನಮ್ಮ ಸೋದರಮಾವ ಹೆಮ್ಮೆಯಿಂದ ಹೇಳಿಬಿಟ್ಟಿದ್ದರು. ನಾವು ಹೋಗಿ ಕೂತರೆ ಅಲ್ಲಿ ಯಾರೂ ನಗುತ್ತಿಲ್ಲ. ಹುಡುಗಿಯ ಚಿಕ್ಕಪ್ಪನಿಗೆ ಹೊಳೆದಂಡೆಯಲ್ಲಿ ಭತ್ತದ ಗದ್ದೆ ಇತ್ತು. ಸರ್ಕಾರ ಹರಿಹರದಲ್ಲಿ ಬಂದರು ಮಾಡುತ್ತದೆ, ಅದಕ್ಕೆ ಗದ್ದೆ ಹೋಗುತ್ತದೆ, ಅಳೆಯಲು ಬಂದವನು ನಾನೇ ಎಂದು ಅವರು ನಂಬಿ ಕೂತಿದ್ದರು.

"ಬ್ಯಾಸಿಗ್ಯಾಗೆ ಮೊಣಕಾಲುದ್ದ ನೀರಿರಲ್ಲ. ಹಡಗು ಹೆಂಗ್ ಬರ್ತಾವ್ರಿ?" ಎಂದರು ಚಿಕ್ಕಪ್ಪ.

ನಿಜವಾದ ಹಡಗು ಯಾವುದೂ ಇಲ್ಲ, ಎಲ್ಲ ಕಂಪ್ಯೂಟರಿನೊಳಗೇ ಬಂದು ಹೋಗುತ್ತವೆ ಎಂದು ವಿವರಿಸಿದೆ. ಚಿಕ್ಕಪ್ಪನ ಮುಖ ಅರಳಿತು. ಹುಡುಗಿಯ ಅಪ್ಪನ ಮುಖ ಬಾಡಿತು. ಇಲ್ಲದ ಹಡಗು ಎಣಿಸುತ್ತ ಕೂರುವ ಹುಡುಗನ ತಲೆ ಸರಿ ಇದೆಯೇ ಎಂದು ಅವರು ನನ್ನ ಮಾವನನ್ನೇ ನೋಡಿದರು. ಆಗ ಬಾಗಿಲ ಮರೆಯಿಂದ ಹುಡುಗಿಯ ದನಿ ಕೇಳಿತು:

"ಒಳ್ಳೇದಾತು ಬಿಡಪ್ಪ. ಮುಳುಗಿದ್ರೂ ಯಾರೂ ಸಾಯಲ್ಲ."

ಅವಳನ್ನೇ ಮದುವೆಯಾದೆ.

ಗೇಟು

ಬಂದರಿನ ಅಧಿಕಾರಿ ಫಲಿತಾಂಶ ನೋಡಲು ಬರುವ ಹಿಂದಿನ ದಿನ ನನ್ನ ಪ್ರಾಣ ಬಾಯಿಗೆ ಬಂತು. ಕಂಪ್ಯೂಟರಿನೊಳಗೆ ಹಡಗುಗಳು ಬರುತ್ತಿದ್ದವು, ಒಂದೂ ಹೋಗುತ್ತಿರಲಿಲ್ಲ. ಹುಡುಕಿದರೆ ತಪ್ಪು ನನ್ನದೇ. ಬಂದರಿನವರು ಕೊನೆಗೂ ಕಳಿಸಿದ ಮಾಹಿತಿಯಲ್ಲಿ ಗೇಟಿನ ಮಾತಿರಲಿಲ್ಲ; ಎರಡಿರುತ್ತವೆಂದು ಊಹಿಸಿದ ನಾನು, ಲಾರಿ ಒಳಬರುವ ಗೇಟಿಗೂ ಹೊರಹೋಗುವ ಗೇಟಿಗೂ ಒಂದೇ ಹೆಸರು ಕೊಟ್ಟಿದ್ದೆ. ಕಂಪ್ಯೂಟರು ಎರಡನ್ನೂ ಒಂದೇ ಗೇಟೆಂದು ತಿಳಿದು ಲಾರಿಗಳನ್ನು ಎದುರುಬದುರು ನಿಲ್ಲಿಸಿತ್ತು: ಒಳಗಿನ ಲಾರಿ ಹೊರಗೆ ಬರುವಂತಿಲ್ಲ, ಹೊರಗಿನದು ಒಳಗೆ ಹೋಗುವಂತಿಲ್ಲ. ಲಾರಿಯಿಲ್ಲದೆ ಪೆಟ್ಟಿಗೆ ಕದಲದು, ಪೆಟ್ಟಿಗೆ ಕದಲದೆ ಹಡಗು ಖಾಲಿಯಾಗದು. ಎರಡು ಗೇಟು ಮಾಡಿ ತಿದ್ದಿದೆ. ಹಡಗುಗಳು ಸರಾಗವಾಗಿ ಹೋದವು.

ಮರುದಿನ ಮುಖ್ಯಸ್ಥರು ಸಡಗರದಲ್ಲಿ ಅಧಿಕಾರಿಯ ಕೈಗೆ ಕೊಟ್ಟದ್ದು ತಪ್ಪಿದ್ದ ಹಳೆಯ ಲೆಕ್ಕದ ಕಾಗದ. ಅಧಿಕಾರಿ ಅದನ್ನೇ ಬಹಳ ಹೊತ್ತು ಓದಿದರು. ನಾನು ಕ್ಷಮೆ ಕೇಳಿ, ತಿದ್ದಿದ ಕಾಗದವನ್ನು ಮುಂದಿಟ್ಟೆ.

ಅವರು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ, "ಈ ಎರಡನೇ ಗೇಟು ಎಲ್ಲಿಂದ ಬಂತು ಮಾರಾಯ್ರೆ? ನಮ್ಮಲ್ಲಿ ಇರುವುದು ಒಂದೇ ಗೇಟು," ಎಂದರು. ಆಮೇಲೆ ತಮ್ಮಷ್ಟಕ್ಕೇ, ಕ್ರೇನ್ ತರಿಸಲು ಹೊರಟಿದ್ದೆವು, ಬೇಕಾಗಿದ್ದದ್ದು ಗೇಟು ಎಂದುಕೊಂಡರು. ಇದು ನಿಮಗೆ ಹೇಗೆ ಹೊಳೆಯಿತು ಎಂದು ನನ್ನನ್ನು ಕೇಳಿದರು.

ಹೆದರಿದವನ ಬಾಯಲ್ಲಿ ಸತ್ಯವೇ ಬರುವುದು. ಹೊಳೆದದ್ದಲ್ಲ ಸಾರ್, ತಪ್ಪಾಗಿ ಬರೆದದ್ದು ಎಂದುಬಿಟ್ಟೆ. ನೌಕರಿ ಹೋಯಿತೆಂದು ನಾನು ನೆಲ ನೋಡಿದೆ.

ಮುಖ್ಯಸ್ಥರು ಕನ್ನಡಕ ತೆಗೆದು ಒರೆಸಿ, ಅಧಿಕಾರಿಗೆ ಗಂಭೀರವಾಗಿ ಹೇಳಿದರು: "ಅಂಥ ತಪ್ಪು ಮಾಡಾಕೂ ಬಾಳ ಓದಿರಬೇಕು ಸಾರ್."